ಮರೆಯಲ್ಲಿ ಕೇಳಿದ ಪ್ರಶ್ನೆ: ಕರ್ನಾಟಕದ ಎಚ್‌ಐವಿ ತಡೆ ಕಾರ್ಯಕ್ರಮದಲ್ಲಿ ಹಿಂಸೆಯ ಲೆಕ್ಕ

ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರು ಎದುರಿಸುವ ಹಿಂಸೆಯ ಬಗ್ಗೆ ತಾರಾ ಬೀಟಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವಿಷಯಕ್ಕೆ ಎರಡು ಅಂಕಿಗಳಿವೆ. ಹಿಂದಿನ ಒಂದು ವರ್ಷದಲ್ಲಿ ಹೊಡೆತಕ್ಕೋ ಅತ್ಯಾಚಾರಕ್ಕೋ ಒಳಗಾದವರು ಎಷ್ಟು ಮಂದಿ ಎಂಬುದು ವಿಷಯ. ಎದುರಿಗೆ ಕೂತು ಸಂದರ್ಶಿಸಿದ 3,852 ಮಹಿಳೆಯರಲ್ಲಿ ಶೇ. 11 ಮಂದಿ ಹೌದೆಂದರು. ಹೆಸರು, ಗುರುತು ಏನೂ ಇಲ್ಲದೆ ಮರೆಯಲ್ಲಿ ನಿಂತು ಉತ್ತರ ಹಾಕಿದ 7,638 ಮಹಿಳೆಯರಲ್ಲಿ ಹೌದೆಂದವರು ಶೇ. 26.4. ಮೊದಲನೆಯ ಅಂಕಿಯನ್ನು ನಂಬಿದರೆ ಒಂಬತ್ತು ಮಂದಿಯಲ್ಲಿ ಒಬ್ಬರು, ಎರಡನೆಯದನ್ನು ನಂಬಿದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಒಂದು ಜಿಲ್ಲೆಯ ಆರೋಗ್ಯ ಯೋಜನೆಯಲ್ಲಿ ಹಿಂಸೆಗೆ ಒಂದು ಸಾಲು ಸಿಗುತ್ತದೋ ಒಂದು ಅಧ್ಯಾಯ ಸಿಗುತ್ತದೋ ಎಂಬುದು ಈ ಅಂತರದ ಮೇಲೆ ನಿಂತಿದೆ.

ಈ ಟಿಪ್ಪಣಿಯ ವಾದ ಇಷ್ಟು: ದಮನಿತ ಸಮುದಾಯಗಳ ನಡುವೆ ಎಚ್‌ಐವಿ ತಡೆಯುವ ಕೆಲಸದಲ್ಲಿ ಹಿಂಸೆ ಪಕ್ಕದ ವಿಷಯವಲ್ಲ. ಕಾಂಡೋಮ್ ಬಳಕೆ, ರಕ್ತ ಪರೀಕ್ಷೆಗಳ ಜೊತೆಗೇ ಅದನ್ನೂ ಎಣಿಸಬೇಕು, ಮತ್ತು ಹೇಳುವವರಿಗೆ ಅಪಾಯವಾಗದ ರೀತಿಯಲ್ಲಿ ಎಣಿಸಬೇಕು. ಕರ್ನಾಟಕದಲ್ಲಿ ಇದು ಒಮ್ಮೆ ನಡೆದಿದೆ. ಆದ್ದರಿಂದ ಆಗದ ಮಾತು ಎಂದು ಯಾರೂ ಹೇಳುವಂತಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಅವರು ದೇಶದ ಮೊದಲ ಸೋಂಕುಗಳನ್ನು ಪತ್ತೆ ಹಚ್ಚಿದ ಮೇಲೆ ದಕ್ಷಿಣದ ರಾಜ್ಯಗಳು ಈ ರೋಗದ ಭಾರವನ್ನು ಹೆಚ್ಚು ಹೊತ್ತವು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದವರ ಪೈಕಿ ದೇಶದ ಸರಾಸರಿ ಸೋಂಕು ಶೇ. 0.28 ಇದ್ದಾಗ ಕರ್ನಾಟಕದ್ದು ಶೇ. 0.69. ಅದೇ ಕಾಲಕ್ಕೆ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ, ಬೆಳಗಾವಿಯಲ್ಲಿ ಮೂವರಿಗೆ ಒಬ್ಬರಂತೆ ಸೋಂಕಿತ್ತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ ಆರು ರಾಜ್ಯಗಳಲ್ಲಿ ‘ಆವಾಹನ್’ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದಲ್ಲಿ ಅದನ್ನು ಬಹುಪಾಲು ನಡೆಸಿದ್ದು ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಸಹಭಾಗಿತ್ವದಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಸಮುದಾಯದವರೇ ಪೀರ್‌ಗಳಾಗಿ ಜೊತೆಯವರನ್ನು ಭೇಟಿಯಾಗುವುದು, ಲೈಂಗಿಕ ರೋಗಗಳಿಗೆ ಕ್ಲಿನಿಕ್, ಕಾಂಡೋಮ್, ಕೂತು ಮಾತಾಡಲು, ಸ್ನಾನ ಮಾಡಿ ಒಂದಿಷ್ಟು ನಿದ್ದೆ ಮಾಡಲು ಒಂದು ಜಾಗ: ಕಾರ್ಯಕ್ರಮದ ಮೂಲ ಅಂಗಗಳು ಇವು.

ಮರೆಯ ಸಮೀಕ್ಷೆಗೆ ಕ್ಷೇತ್ರದಲ್ಲಿ ದುಡಿಯುವವರು ಇಟ್ಟ ಹೆಸರು ಪೋಲಿಂಗ್ ಬೂತ್ ಸರ್ವೆ. ಹತ್ತು ಹನ್ನೆರಡು ಮಂದಿಯನ್ನು ಒಂದು ಕೋಣೆಗೆ ಕರೆಯುತ್ತಾರೆ. ಪ್ರತಿಯೊಬ್ಬರಿಗೂ ಮತಗಟ್ಟೆಯ ಹಾಗೆ ಒಂದು ಮರೆ. ಮರೆಯೊಳಗೆ ಮೂರು ಬಣ್ಣದ ಡಬ್ಬಿಗಳು: ಹೌದು ಎನ್ನಲು ಒಂದು, ಇಲ್ಲ ಎನ್ನಲು ಒಂದು, ನನಗೆ ಅನ್ವಯಿಸದು ಎನ್ನಲು ಮತ್ತೊಂದು. ಕೈಯಲ್ಲಿ ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳ ಕಟ್ಟು. ಒಬ್ಬರು ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ, ಎಲ್ಲರೂ ಆ ಸಂಖ್ಯೆಯ ಚೀಟಿಯನ್ನು ತಮ್ಮ ಉತ್ತರದ ಡಬ್ಬಿಗೆ ಹಾಕುತ್ತಾರೆ. ಕೊನೆಗೆ ಎಲ್ಲ ಮರೆಗಳ ಒಂದೇ ಬಣ್ಣದ ಡಬ್ಬಿಗಳನ್ನು ಒಟ್ಟಿಗೆ ಸುರಿದು ಎಣಿಸುತ್ತಾರೆ. ಅಕ್ಷರ ಬಾರದವರೂ ಉತ್ತರಿಸಬಹುದು. ಯಾರು ಯಾವ ಡಬ್ಬಿಗೆ ಹಾಕಿದರು ಎಂಬುದು ಸಂಶೋಧಕರಿಗೂ ತಿಳಿಯದು.

ಸಂದರ್ಶನದ ಸನ್ನಿವೇಶವೇ ಬೇರೆ. ಎದುರಿಗೆ ಅಪರಿಚಿತರು, ಕೈಯಲ್ಲಿ ದೀರ್ಘ ಪ್ರಶ್ನಾವಳಿ, ಆಮೇಲೆ ರಕ್ತ ಮತ್ತು ಮೂತ್ರದ ಮಾದರಿ. ಅಂಥಲ್ಲಿ ಪೊಲೀಸರೋ, ಗಿರಾಕಿಯೋ, ಬೀದಿಯ ರೌಡಿಯೋ ಮಾಡಿದ್ದನ್ನು ಹೇಳುವುದೆಂದರೆ ನಾಳೆ ಅದರ ಪರಿಣಾಮ ಏನಾದೀತು ಎಂದು ಲೆಕ್ಕ ಹಾಕಿಯೇ ಹೇಳುವುದು. ಅನೇಕರು ಮೌನವನ್ನು ಆರಿಸಿಕೊಂಡರೆ ಅದು ಮರೆವೂ ಅಲ್ಲ, ಸುಳ್ಳೂ ಅಲ್ಲ; ತಮ್ಮನ್ನು ಕಾಯ್ದುಕೊಳ್ಳುವ ವಿವೇಕ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ಸಮೀಕ್ಷೆಗಳಲ್ಲಿ ಉತ್ತರಿಸಿದವರು ಒಂದೇ ಮಹಿಳೆಯರಲ್ಲ. ಆದ್ದರಿಂದ 11 ಮತ್ತು 26.4ರ ನಡುವಿನ ಅಂತರವೆಲ್ಲ ಕೇಳಿದ ವಿಧಾನದಿಂದಲೇ ಬಂತು ಎನ್ನಲಾಗದು. ಆದರೂ ಸುಮಾರು ಎರಡೂವರೆ ಪಟ್ಟಿನ ಅಂತರವನ್ನು ಮಾದರಿಯ ವ್ಯತ್ಯಾಸವೊಂದರಿಂದಲೇ ವಿವರಿಸುವುದು ಕಷ್ಟ. ಮರೆಯ ವಿಧಾನಕ್ಕೂ ಒಂದು ಮಿತಿಯಿದೆ. ಉತ್ತರಗಳು ಗುಂಪಿನ ಮೊತ್ತವಾಗಿ ಮಾತ್ರ ಸಿಗುವುದರಿಂದ, ಹೊಡೆತ ತಿಂದ ಮಹಿಳೆಯೇ ಕಾಂಡೋಮ್ ಬಳಸಲಾಗದವಳೂ ಆಗಿದ್ದಳೇ ಎಂದು ಅದರಿಂದ ತಿಳಿಯಲಾಗದು. ಹಿಂಸೆ ಎಷ್ಟಿದೆ ಎಂಬುದಕ್ಕೆ ಮರೆಯ ಸಮೀಕ್ಷೆ ಬೇಕು. ಹಿಂಸೆ ಏನು ಮಾಡುತ್ತದೆ ಎಂಬುದಕ್ಕೆ ಸಂದರ್ಶನ ಬೇಕು.

ಆ ಎರಡನೆಯ ಪ್ರಶ್ನೆಗೆ ಇದೇ ಅಧ್ಯಯನದ ಸಂದರ್ಶನಗಳು ಕೊಟ್ಟ ಉತ್ತರವನ್ನು ನಿಧಾನವಾಗಿ ಓದಬೇಕು. ಪೀರ್ ಒಬ್ಬರು ಎಂದಾದರೂ ತಮ್ಮನ್ನು ಭೇಟಿಯಾಗಿದ್ದಾರೆ ಎಂದವರು ಹಿಂಸೆಗೆ ಒಳಗಾಗದವರಲ್ಲಿ ಶೇ. 89.6, ಒಳಗಾದವರಲ್ಲಿ ಶೇ. 84.9. ಕ್ಲಿನಿಕ್‌ಗೆ ಎಂದಾದರೂ ಹೋದವರು ಕ್ರಮವಾಗಿ ಶೇ. 68.1 ಮತ್ತು ಶೇ. 59. ಹಿಂದಿನ ತಿಂಗಳಲ್ಲಿ ಗಿರಾಕಿಗಳ ಜೊತೆ ಒಮ್ಮೆಯೂ ಕಾಂಡೋಮ್ ತಪ್ಪಿಸದವರು ಶೇ. 75.5 ಮತ್ತು ಶೇ. 55.4. ಗೊನೋರಿಯಾ ಸೋಂಕು ಶೇ. 2.6 ಮತ್ತು ಶೇ. 5.

ಈ ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟಾಗ ನನಗೆ ಕಾಣುವುದು ಅಂತರ ಹಿಗ್ಗುತ್ತ ಹೋಗುವ ರೀತಿ. ಪೀರ್ ಭೇಟಿಯಲ್ಲಿ ಸುಮಾರು ಐದು ಶೇಕಡಾ ಅಂಶ, ಕ್ಲಿನಿಕ್‌ನಲ್ಲಿ ಒಂಬತ್ತು, ಕಾಂಡೋಮ್‌ನಲ್ಲಿ ಇಪ್ಪತ್ತು. ಕಾರ್ಯಕ್ರಮ ಈ ಮಹಿಳೆಯರ ಬಾಗಿಲವರೆಗೆ ಹೋಗಿತ್ತು. ಮಾಹಿತಿ ತಲುಪಿತ್ತು, ಕಾಂಡೋಮ್ ಕೂಡ ತಲುಪಿತ್ತು. ಎದುರಿಗಿನ ಗಂಡಸಿಗೆ ಬೇಡ ಎನ್ನಬೇಕಾದ ಕ್ಷಣದಲ್ಲಿ ಮಾತ್ರ ಆಕೆ ಒಂಟಿಯಾಗಿದ್ದಳು. ಅರಿವು ಮೂಡಿಸಿದರೆ ವರ್ತನೆ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಆರೋಗ್ಯ ಪ್ರಚಾರ ಎಲ್ಲಿ ನಿಂತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಕನ್ನಡ ನಾಡಿನಲ್ಲಿ ನಾನು ಕಂಡಿಲ್ಲ. ಹಿಂಸೆಯನ್ನೂ ಕಾಂಡೋಮ್ ಬಳಕೆಯನ್ನೂ ಒಂದೇ ಹೊತ್ತಿನಲ್ಲಿ ಕೇಳಿದ ಸಮೀಕ್ಷೆಯಾದ್ದರಿಂದ ಹಿಂಸೆಯೇ ಕಾರಣ ಎಂದು ಗಣಿತದ ಖಚಿತತೆಯಿಂದ ಹೇಳಲಾಗದು, ನಿಜ. ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ ಗಿರಾಕಿ ಹುಡುಕುವ ಬಡ ಮಹಿಳೆಗೆ ಹೊಡೆತವೂ ಹೆಚ್ಚು, ಕಾಂಡೋಮ್‌ಗಾಗಿ ಪಟ್ಟು ಹಿಡಿಯುವ ಬಲವೂ ಕಡಿಮೆ. ಆದರೆ ಕಾರಣದ ಸರಪಳಿಯ ಒಂದೊಂದು ಕೊಂಡಿಯೂ ಕ್ಷೇತ್ರದಲ್ಲಿ ದುಡಿಯುವವರಿಗೆ ಗೊತ್ತಿರುವಂಥದ್ದು. ಪೊಲೀಸರ ಭಯವಿದ್ದಾಗ ಗಿರಾಕಿಯೊಡನೆ ಮಾತು ಅರ್ಧ ನಿಮಿಷದಲ್ಲಿ ಮುಗಿಯಬೇಕು. ಕತ್ತಲ ಜಾಗಕ್ಕೆ ಹೋಗಬೇಕು. ಚೀಲದಲ್ಲಿ ಕಾಂಡೋಮ್ ಇದ್ದರೆ ಅದೇ ಸಾಕ್ಷಿಯಾದೀತೆಂದು ಎಸೆಯಬೇಕು. ಬಲಾತ್ಕಾರ ಮಾಡುವವನು ಕಾಂಡೋಮ್ ಕೇಳುವುದಿಲ್ಲ.

ಇದನ್ನು ಮೊದಲು ಹೇಳಿದ್ದು ಸಂಶೋಧಕರಲ್ಲ. ಕೋಲ್ಕತ್ತದ ಲೈಂಗಿಕ ಕಾರ್ಯಕರ್ತೆಯರ ಬಡಾವಣೆ ಸೋನಾಗಾಚಿಯಲ್ಲಿ 1992ರಿಂದ ವೈದ್ಯ ಸ್ಮರಜಿತ್ ಜಾನಾ ಅವರ ಜೊತೆ ದುಡಿದ ಮಹಿಳೆಯರು, ಮೈಸೂರಿನಲ್ಲಿ ‘ಆಶೋದಯ ಸಮಿತಿ’ ಕಟ್ಟಿದವರು, ಬೆಂಗಳೂರಿನ ಸಂಘಗಳವರು ರೋಗಕ್ಕಿಂತ ಮೊದಲು ಪೊಲೀಸ್ ಮತ್ತು ಗೂಂಡಾಗಳ ಮಾತೆತ್ತಿದರು. ಕರ್ನಾಟಕದ ಕಾರ್ಯಕ್ರಮ ಆ ಮಾತಿಗೆ ಕಿವಿಗೊಟ್ಟದ್ದೇ ಅದರ ದೊಡ್ಡ ಗುಣ. ಹಗಲಿರುಳೂ ಕರೆ ಸ್ವೀಕರಿಸುವ ಬಿಕ್ಕಟ್ಟು ನಿರ್ವಹಣಾ ತಂಡಗಳಾದವು. ಕರೆ ಬಂದ ಕೂಡಲೇ ಸಂಘದ ನಾಲ್ಕು ಮಂದಿ ಠಾಣೆಗೋ ಆಸ್ಪತ್ರೆಗೋ ಹೋಗಿ ನಿಲ್ಲುತ್ತಿದ್ದರು. ವಕೀಲರ ನೆರವು ಸೇರಿತು, ಪೊಲೀಸರಿಗೆ ತರಬೇತಿಗಳು ನಡೆದವು, ಬಂಧನದ ವೇಳೆ ತಮ್ಮ ಹಕ್ಕೇನು ಎಂದು ಮಹಿಳೆಯರೇ ಕಲಿತರು. ಸಂದರ್ಶನದ ಲೆಕ್ಕದಲ್ಲೇ ನೋಡಿದರೂ ಹಿಂಸೆ ಹೇಳಿಕೊಂಡವರ ಪ್ರಮಾಣ ಮೊದಲ ಸುತ್ತಿನ ಶೇ. 13ರಿಂದ ಮುಂದಿನ ಸುತ್ತಿಗೆ ಶೇ. 9ಕ್ಕೆ ಇಳಿಯಿತು, ಮರೆಯ ಸಮೀಕ್ಷೆಯಲ್ಲೂ ಇಳಿಕೆ ಕಂಡಿತು. ರಾಜ್ಯದ ಐದು ಜಿಲ್ಲೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ಎಚ್‌ಐವಿ ಪ್ರಮಾಣ ಶೇ. 19.6ರಿಂದ 16.4ಕ್ಕೆ ಇಳಿದದ್ದೂ ಈ ಸುತ್ತುಗಳ ನಡುವೆಯೇ. ಎರಡನ್ನೂ ಕಾರಣ-ಪರಿಣಾಮವೆಂದು ಕಟ್ಟಿಹಾಕುವುದಿಲ್ಲ, ಒಟ್ಟೊಟ್ಟಿಗೆ ನಡೆದವು ಎಂದಷ್ಟೇ ಹೇಳುತ್ತೇನೆ.

ಆದರೆ ಕರ್ನಾಟಕ ಎಂದರೆ ಒಂದೇ ಕರ್ನಾಟಕವಲ್ಲ. ಜೇಮ್ಸ್ ಬ್ಲಾಂಚರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,588 ಲೈಂಗಿಕ ಕಾರ್ಯಕರ್ತೆಯರ ಪೈಕಿ ಶೇ. 26 ಮಂದಿ ದೇವದಾಸಿ ಪದ್ಧತಿಯ ಮೂಲಕ ಬಂದವರು. ಇವರಲ್ಲಿ ಶೇ. 47.3 ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದರೆ, ಉಳಿದವರಲ್ಲಿ ಹಳ್ಳಿಯವರು ಶೇ. 8.9 ಮಾತ್ರ. ಮನೆಯಿಂದಲೇ ಕೆಲಸ ಮಾಡುವವರು ಇವರಲ್ಲಿ ಶೇ. 68.6, ಉಳಿದವರಲ್ಲಿ ಶೇ. 14.9. ಹಿಂಸೆಯ ಅಂಕಿ ಇನ್ನೂ ಬೆರಗಿನದು: ಗಿರಾಕಿಗಳ ಹಿಂಸೆ ದೇವದಾಸಿ ಮಹಿಳೆಯರಲ್ಲಿ ಶೇ. 13.3, ಉಳಿದವರಲ್ಲಿ ಶೇ. 35.8, ಪೊಲೀಸರ ಕಿರುಕುಳ ಶೇ. 11.6 ಮತ್ತು ಶೇ. 44.3.

ಅವಸರದ ಓದುಗರು ಇದರಿಂದ ದೇವದಾಸಿ ಮಹಿಳೆಯರು ಸುರಕ್ಷಿತರು ಎಂದುಕೊಂಡಾರು. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಡಬೇಕು: ಉಳಿದವರು ಈ ಕೆಲಸಕ್ಕೆ ಬಂದ ಸರಾಸರಿ ವಯಸ್ಸು 21.8, ದೇವದಾಸಿ ಮಹಿಳೆಯರದ್ದು 15.7. ಹದಿನೈದು ತುಂಬಿದ ಹುಡುಗಿಗೆ ಮುತ್ತು ಕಟ್ಟಿ ಒಬ್ಬ ಗಂಡಸಿಗೆ ಒಪ್ಪಿಸುವುದು ‘ಕಳೆದ ಒಂದು ವರ್ಷದಲ್ಲಿ’ ಎಂಬ ಪ್ರಶ್ನೆಯೊಳಗೆ ಎಂದೂ ಬರುವುದಿಲ್ಲ. ಆ ಹಿಂಸೆ ನಡೆದು ಹತ್ತೋ ಇಪ್ಪತ್ತೋ ವರ್ಷಗಳಾಗಿರುತ್ತವೆ, ಊರು ಅದನ್ನು ಹಿಂಸೆ ಎಂದು ಕರೆದಿರುವುದೂ ಇಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿತ್ತು. ಈ ಮಹಿಳೆಯರಲ್ಲಿ ಬಹುತೇಕರು ದಲಿತರು ಎಂಬುದನ್ನು ಸಮೀಕ್ಷೆಯ ಕೋಷ್ಟಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಬದುಕನ್ನು ನಿರ್ಧರಿಸುವುದು ಆ ಒಂದು ಸಾಲೇ. ಆದ್ದರಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೊಂದುವ ಪೊಲೀಸ್ ತರಬೇತಿಯನ್ನು ಮುಧೋಳದ ಹಳ್ಳಿಗೆ ಹಾಗೆಯೇ ಒಯ್ದರೆ ಅದು ಯಾರ ಕೈಯನ್ನೂ ತಡೆಯದು. ಅಲ್ಲಿ ಬೇಕಾದದ್ದು ಹುಡುಗಿಯರು ಹೈಸ್ಕೂಲು ಬಿಡದಂತೆ ನೋಡಿಕೊಳ್ಳುವುದು, ಭೂಮಿ, ಮನೆ, ಪಿಂಚಣಿ, ಮತ್ತು ಮನೆಯೊಳಗಿನ ಸಂಗಾತಿಯ ಜೊತೆಗಿನ ಕೆಲಸ.

ಈ ಸಂಗಾತಿಯ ವಿಷಯ ಇಡೀ ಕಾರ್ಯಕ್ರಮದ ಅತಿ ಕಠಿಣ ಭಾಗ. ಮೈಸೂರಿನಲ್ಲಿ ಸುಶೇನಾ ರೆಜಾ-ಪಾಲ್ ಮತ್ತು ಸಂಗಡಿಗರು 2004 ಮತ್ತು 2006ರಲ್ಲಿ ನಡೆಸಿದ ಸಮೀಕ್ಷೆಗಳನ್ನು ಹೋಲಿಸಿದರೆ ಅದು ಗೊತ್ತಾಗುತ್ತದೆ. ಕೊನೆಯ ಸಂಪರ್ಕದಲ್ಲಿ ಕಾಂಡೋಮ್ ಬಳಸಿದವರು ಸಾಂದರ್ಭಿಕ ಗಿರಾಕಿಗಳ ವಿಷಯದಲ್ಲಿ ಶೇ. 65ರಿಂದ 90ಕ್ಕೆ ಏರಿದರು, ಮರಳಿ ಬರುವ ಗಿರಾಕಿಗಳ ವಿಷಯದಲ್ಲಿ ಶೇ. 53ರಿಂದ 66ಕ್ಕೆ. ಖಾಯಂ ಸಂಗಾತಿಯ ಜೊತೆ ಶೇ. 7 ಇದ್ದದ್ದು ಶೇ. 30 ಆಯಿತು. ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಇಷ್ಟಾದದ್ದು ಸಣ್ಣ ಮಾತಲ್ಲ, ಇದರ ಹಿಂದೆ ಸಮುದಾಯದವರ ಹಗಲು ರಾತ್ರಿಯ ದುಡಿಮೆಯಿದೆ. ಆದರೆ ಖಾಯಂ ಸಂಗಾತಿಯ ವಿಷಯದಲ್ಲಿ ಹತ್ತರಲ್ಲಿ ಏಳು ಮಂದಿ ಇನ್ನೂ ಅಸುರಕ್ಷಿತರಾಗಿಯೇ ಉಳಿದರು. ಗಿರಾಕಿಗೆ ಕಾಂಡೋಮ್ ಹಾಕು ಎನ್ನುವುದು ವ್ಯವಹಾರ. ಖಾಯಂ ಗಂಡಸಿಗೆ ಹಾಗೆನ್ನುವುದು ಅವನ ಮೇಲೆ ನಂಬಿಕೆಯಿಲ್ಲ ಎಂದಂತೆ, ಕೆಲವೆಡೆ ಹೊಡೆತಕ್ಕೆ ಕರೆ ಕೊಟ್ಟಂತೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಎಂಬ ಪ್ರಯೋಗ ನಡೆದದ್ದು ಸಂಗಾತಿಯ ಹಿಂಸೆಯನ್ನೇ ಗುರಿಯಾಗಿಟ್ಟುಕೊಂಡು. ಪ್ರಶ್ನಾವಳಿಯಲ್ಲಿ ‘ಪೊಲೀಸ್’, ‘ಗಿರಾಕಿ’ ಎಂಬವಕ್ಕೆ ಮಾತ್ರ ಚೌಕಗಳಿದ್ದು ಸಂಗಾತಿಗೆ ಚೌಕವೇ ಇಲ್ಲದಿದ್ದರೆ ಈ ಹಿಂಸೆ ಲೆಕ್ಕದಿಂದಲೇ ತಪ್ಪಿಹೋಗುತ್ತದೆ.

ಕಾನೂನು ಈ ಚಿತ್ರದಲ್ಲಿ ಎರಡೂ ಕಡೆ ನಿಂತಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 8ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದನ್ನು ಅಪರಾಧವೆನ್ನುತ್ತದೆ. ಬೀದಿಯ ಮಹಿಳೆಯ ಮೇಲೆ ಪೊಲೀಸರಿಗೆ ಹಿಡಿತ ಕೊಟ್ಟದ್ದು ಬಹುಪಾಲು ಅದೇ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹಿಜಡಾ ಸಮುದಾಯದವರ ಹೆಸರು-ವಿಳಾಸಗಳ ದಾಖಲೆ ಇಡುವ, ಅವರ ಮೇಲೆ ನಿರ್ಬಂಧ ಹೇರುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಒಂದು ಇಲಾಖೆ ಇದೇ ಸಮುದಾಯವನ್ನು ನಂಬಿಕೆಯಿಂದ ಕ್ಲಿನಿಕ್‌ಗೆ ಕರೆಯುತ್ತಿದ್ದಾಗ ಇನ್ನೊಂದು ಇಲಾಖೆ ಅವರ ಪಟ್ಟಿ ಮಾಡಹೊರಟಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದರು. ಟ್ರಾನ್ಸ್‌ಜೆಂಡರ್ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪು, 2018ರ 377ನೇ ಕಲಂ ಕುರಿತ ತೀರ್ಪು, 2017ರ ರಾಜ್ಯದ ಟ್ರಾನ್ಸ್‌ಜೆಂಡರ್ ನೀತಿ, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆ, ಇವೆಲ್ಲ ದಿಕ್ಕು ಬದಲಿಸಿದವು. 2022ರ ಮೇ 19ರಂದು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ಕಾಣಬೇಕು, ಲೈಂಗಿಕ ಹಿಂಸೆಗೆ ಒಳಗಾದವರಿಗೆ ತಕ್ಷಣ ವೈದ್ಯಕೀಯ ನೆರವು ಸಿಗಬೇಕು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು ಎಂದಿತು. ಈ ಆದೇಶ ಠಾಣೆಯ ಬಾಗಿಲು ದಾಟಿದೆಯೇ ಎಂದು ತಿಳಿಯಲು ಸುತ್ತೋಲೆಗಳನ್ನು ಓದಿದರೆ ಸಾಲದು. ಮರೆಯ ಡಬ್ಬಿಗೆ ಚೀಟಿ ಹಾಕುವವರನ್ನೇ ಕೇಳಬೇಕು.

ಆವಾಹನ್ ಕಾರ್ಯಕ್ರಮಗಳು ಮೂರು ಹಂತಗಳಲ್ಲಿ ಸರ್ಕಾರದ ಕೈಗೆ ಬಂದವು: 2009ರಲ್ಲಿ ಸುಮಾರು ಶೇ. 10, 2011ರಲ್ಲಿ ಶೇ. 20, 2012ರಲ್ಲಿ ಉಳಿದ ಶೇ. 70. ಸಾರ್ವಜನಿಕ ಆರೋಗ್ಯದ ಕೆಲಸ ಸರ್ಕಾರದ್ದೇ ಆಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ; ದಾನಿಗಳ ಹಣ ಬರುತ್ತದೆ, ಹೋಗುತ್ತದೆ. ಆದರೆ ಸರ್ಕಾರಿ ಕಾರ್ಯಕ್ರಮದ ಉಸಿರು ಗುರಿಸಂಖ್ಯೆಗಳಲ್ಲಿದೆ. ಒಬ್ಬ ಪೀರ್‌ಗೆ ಇಷ್ಟು ಮಂದಿ, ತಿಂಗಳಿಗೆ ಇಷ್ಟು ಕಾಂಡೋಮ್, ಆರು ತಿಂಗಳಿಗೊಮ್ಮೆ ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ರಕ್ತ ಪರೀಕ್ಷೆ. ಬಿಕ್ಕಟ್ಟಿನ ಪ್ರಕರಣಗಳಿಗೂ ವರದಿಯಲ್ಲಿ ಜಾಗವಿದೆ, ಆದರೆ ಆ ಸಂಖ್ಯೆಯನ್ನು ಓದುವುದು ಕಷ್ಟ. ವರದಿಯಾದ ಪ್ರಕರಣಗಳು ಹೆಚ್ಚಾದರೆ ಹಿಂಸೆ ಹೆಚ್ಚಿತು ಎಂದೂ ಇರಬಹುದು, ಸಂಘದ ಮೇಲೆ ನಂಬಿಕೆ ಹೆಚ್ಚಿತು ಎಂದೂ ಇರಬಹುದು. ಸೊನ್ನೆ ಬಂದರೆ ಶಾಂತಿ ನೆಲೆಸಿತು ಎಂದೂ ಆಗಬಹುದು, ಕರೆ ಮಾಡಿದರೆ ಎತ್ತುವವರು ಇಲ್ಲವಾದರು ಎಂದೂ ಆಗಬಹುದು. ಪ್ರಕರಣಗಳ ಸಂಖ್ಯೆಯನ್ನು ಮರೆಯ ಸಮೀಕ್ಷೆಯ ಪ್ರಮಾಣದ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಮರೆಯ ಅಂಕಿ ಇಳಿಯುತ್ತಿದ್ದು ವರದಿಗಳು ಏರುತ್ತಿದ್ದರೆ ಅದು ಗೆಲುವು. ಮರೆಯ ಅಂಕಿ ಏರುತ್ತಿದ್ದು ವರದಿಗಳು ಸೊನ್ನೆಯಾದರೆ ಆ ಜಿಲ್ಲೆಯಲ್ಲಿ ಏನೋ ಮುರಿದುಬಿದ್ದಿದೆ.

ಈಗಿನ ಬದಲಾವಣೆಗಳು ಈ ಅಗತ್ಯವನ್ನು ಹೆಚ್ಚಿಸಿವೆ. ಮೊಬೈಲ್ ಬಂದ ಮೇಲೆ ಬಸ್ ನಿಲ್ದಾಣ, ಪಾರ್ಕು, ಲಾಡ್ಜ್ ಎಂದು ಹಾಟ್‌ಸ್ಪಾಟ್ ಗುರುತು ಹಾಕಿದ್ದ ನಕ್ಷೆಗಳು ಸಡಿಲವಾಗಿವೆ. ಫೋನಿನಲ್ಲಿ ಗೊತ್ತುಮಾಡಿಕೊಂಡು ಅಪರಿಚಿತ ಕೋಣೆಗೆ ಹೋಗುವ ಮಹಿಳೆಗೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಬೀದಿಯ ಪೊಲೀಸರ ಕಾಟ ಕಡಿಮೆಯಾಗಿರಬಹುದು; ಪಕ್ಕದಲ್ಲಿ ನಿಂತು ಕೂಗು ಕೇಳಿಸಿಕೊಳ್ಳುತ್ತಿದ್ದ ಜೊತೆಗಾತಿಯೂ ಇಲ್ಲವಾಗಿದ್ದಾಳೆ. ಇಂಥವರು ಪೀರ್‌ನ ದಿನಚರಿಗೂ ಸಿಗುವುದಿಲ್ಲ, ಸಂದರ್ಶನದ ಮಾದರಿಗೂ ಸಿಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಸರಳವಾದದ್ದು. ಪ್ರತಿ ಜಿಲ್ಲೆಯಲ್ಲಿ ಸಮುದಾಯ ಸಂಘಗಳ ನೆರವಿನಿಂದ ವರ್ಷಕ್ಕೊಮ್ಮೆ ಮರೆಯ ಸಮೀಕ್ಷೆ ನಡೆಯಲಿ. ಅದಕ್ಕೆ ಪ್ರಯೋಗಾಲಯ ಬೇಡ, ದುಬಾರಿ ಉಪಕರಣ ಬೇಡ. ರಟ್ಟಿನ ಮರೆ, ಬಣ್ಣದ ಡಬ್ಬಿ, ಚೀಟಿ ಸಾಕು, ಎಣಿಕೆ ಅಂದೇ ಸಂಜೆ ಮುಗಿಯುತ್ತದೆ. ಗಿರಾಕಿ, ಪೊಲೀಸ್, ರೌಡಿ, ಸಂಗಾತಿ, ಆಸ್ಪತ್ರೆಯ ಸಿಬ್ಬಂದಿ, ಒಬ್ಬೊಬ್ಬರ ಬಗ್ಗೆಯೂ ಬೇರೆ ಬೇರೆ ಪ್ರಶ್ನೆಯಿರಲಿ. ಫಲಿತಾಂಶವನ್ನು ಜಿಲ್ಲಾಧಿಕಾರಿಯ ಮುಂದಿನ ಸಭೆಯಲ್ಲಿ, ಪೊಲೀಸ್ ಅಧಿಕಾರಿಗಳೂ ಹಾಜರಿರುವಾಗ, ರಕ್ತ ಪರೀಕ್ಷೆಯ ಅಂಕಿಗಳ ಜೊತೆಗೇ ಓದಲಿ. ಓದುವವರು ಸಂಘದವರೇ ಆಗಿರಲಿ. ಒಂದು ಕಟ್ಟುನಿಟ್ಟು ಮಾತ್ರ ಬೇಕು. ಗುಂಪು ಚಿಕ್ಕದಾಗಿದ್ದು ಎಲ್ಲ ಹನ್ನೆರಡು ಚೀಟಿಗಳೂ ಹೌದು ಎಂಬ ಡಬ್ಬಿಗೇ ಬಿದ್ದರೆ ಮರೆ ಮರೆಯಾಗಿ ಉಳಿಯುವುದಿಲ್ಲ. ಯಾರು ಏನೆಂದರು ಎಂಬುದು ಎಲ್ಲರಿಗೂ ತಿಳಿದಂತೆಯೇ. ಆದ್ದರಿಂದ ಒಂದೇ ಗುಂಪಿನ, ಒಂದೇ ಠಾಣೆಯ ವ್ಯಾಪ್ತಿಯ ಲೆಕ್ಕವನ್ನು ಬಿಡಿಯಾಗಿ ಹೊರಗೆ ಕೊಡಬಾರದು. ಹಲವು ಗುಂಪುಗಳನ್ನು ಕೂಡಿಸಿ ತಾಲ್ಲೂಕು ಅಥವಾ ಜಿಲ್ಲೆಯ ಮಟ್ಟದಲ್ಲಿ ಮಾತ್ರ ಪ್ರಕಟಿಸಬೇಕು, ಎಷ್ಟು ಗುಂಪು ಕೂಡಿದರೆ ಸಾಕು ಎಂಬುದನ್ನು ಸಮೀಕ್ಷೆಗೆ ಮೊದಲೇ ಸಂಘದವರ ಜೊತೆ ಕೂತು ತೀರ್ಮಾನಿಸಬೇಕು.